ಎದ್ದು ನಿಲ್ಲದ ದಿನ

ಮಗಳ ನೋಟ್‌ಬುಕ್ಕಿನ ಆ ಪುಟದ ಫೋಟೊ ತೆಗೆದು ಗ್ರೂಪಿಗೆ ಹಾಕಿದವಳು ನಾನೇ. ವಚನ ಹೇಳುವ ನಮ್ಮ ಹೆಂಗಸರ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ, ಸರದಿಯಂತೆ ಒಂದು ಮನೆಯವರು ಮಕ್ಕಳು ಬರೆದದ್ದನ್ನೋ ಹಾಡಿದ್ದನ್ನೋ ಹಾಕುವುದು ರೂಢಿ. ಆ ವಾರ ನಮ್ಮ ಸರದಿ. ಹೆಮ್ಮೆಯಿಂದಲೇ ಹಾಕಿದೆ.

ಮಗಳು ಒಂಬತ್ತನೇ ಕ್ಲಾಸು, ಸ್ಕೂಲು ವಿನೋಬನಗರದಲ್ಲೇ. ಸಮಾಜ ವಿಜ್ಞಾನದ ಮಿಸ್ಸು ಭದ್ರಾವತಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ವಾಕ್ ಸ್ವಾತಂತ್ರ್ಯದ ಪಾಠ ಮಾಡುವಾಗ, "ಸುಳ್ಳು ಹೇಳಿ ಇನ್ನೊಬ್ಬರ ಮೇಲೆ ಜನರನ್ನ ಎತ್ತಿಕಟ್ಟೋ ಮಾತಿಗೆ ಮಿತಿ ಬೇಕು. ನಮಗೆ ಕೇಳೋಕೆ ಇಷ್ಟ ಇಲ್ಲ ಅಂತ ಇನ್ನೊಬ್ಬರ ಬಾಯಿ ಮುಚ್ಚಿಸೋ ಹಾಗಿಲ್ಲ" ಎಂದಿದ್ದರಂತೆ. ಮನೆಯಲ್ಲಿ ಆಡಿ ಬೀದಿಯಲ್ಲಿ ಆಡದ ಒಂದು ಮಾತನ್ನು ಬರೆದು ತರಲು ಹೇಳಿದ್ದರು.

ಮಗಳು ಬರೆದಳು: "ಪಕ್ಕದ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ಮೈಕಿನ ಗಲಾಟೆಗೆ ಅಪ್ಪ ಮನೆಯಲ್ಲಿ ಬೈಯುತ್ತಾರೆ, ಉತ್ಸವ ಕಮಿಟಿಯವರು ಬಂದರೆ ಕೈ ಮುಗಿಯುತ್ತಾರೆ. ಉತ್ಸವದ ಮೈಕು ನಿಲ್ಲಿಸಿ ಎಂದರೆ ಯಾರಿಗೆ ನಷ್ಟ?" ಕೆಳಗೆ ಕೆಂಪು ಪೆನ್ನಿನಲ್ಲಿ 'ಒಳ್ಳೆಯ ಪ್ರಶ್ನೆ' ಎಂದು ಮಿಸ್ಸಿನ ಸಹಿ.

ಗ್ರೂಪಿನಿಂದ ಯಾರೋ ಆ ಫೋಟೊ ಎತ್ತಿಕೊಂಡು, ಅಜ್ಜಿ ಇದ್ದ ಮೇಲಿನ ಭಾಗ ಕತ್ತರಿಸಿ, ಕೊನೆಯ ಸಾಲನ್ನೂ ಕೆಂಪು ಸಹಿಯನ್ನೂ ಮಾತ್ರ ಊರಿಗೆಲ್ಲ ಹಂಚಿದರು.

ನಾಲ್ಕನೇ ದಿನ ಸ್ಕೂಲಿನಲ್ಲಿ ಪೋಷಕರ ಸಭೆ. "ದೇವರ ಕೆಲಸಕ್ಕೇ ಅಡ್ಡ ಬರೋಕೆ ಕಲಿಸ್ತಾರಲ್ರೀ! ಇವರಿಗೆ ಫೀಸು ಬೇರೆ ಕೇಡು!" ಎಂದು ಒಬ್ಬರು ಕೂಗಿದರು. ಬರೆದ ಮಗು ಯಾವುದೆಂದು ಎಷ್ಟು ಕೇಳಿದರೂ ಮಿಸ್ಸು ಬಾಯಿ ಬಿಡಲಿಲ್ಲ.

"ಪೋಷಕರು ಇಲ್ಲಿದ್ರೆ ಎದ್ದು ಹೇಳಿ, ಪೂರ್ತಿ ಪುಟ ತೋರಿಸಿ," ಎಂದರು ಹೆಡ್‌ಮಾಸ್ಟರು.

ಪುಟ ನನ್ನ ಫೋನಿನಲ್ಲೇ ಇತ್ತು. ಗ್ರೂಪಿನ ನಾಲ್ವರು ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ನಾನು ಸೆರಗು ಸರಿಮಾಡಿಕೊಂಡು ಏಳಬೇಕು ಎನ್ನುವಷ್ಟರಲ್ಲಿ ಯಜಮಾನರು, "ಸುಮ್ನೆ ಕೂತ್ಕೋ ಮಾರಾಯ್ತಿ. ನಾಳೆ ನಾವು ಇದೇ ಬೀದೀಲಿ ಬಾಳ್ಬೇಕು," ಎಂದು ಪಿಸುಗುಟ್ಟಿದರು. ಕೂತೆ. ಕಿಟಕಿಯಾಚೆ ಮಗಳು ನಿಂತಿದ್ದಳು.

ಮರುದಿನದಿಂದ ಮಿಸ್ಸು ಬರಲಿಲ್ಲ. ಸ್ಕೂಲಿನವರು ಕೆಲಸದಿಂದ ತೆಗೆದಿದ್ದರು.

ಪೊಲೀಸು ಕಂಪ್ಲೇಂಟ್ ಆಗಲಿಲ್ಲ, ಮಗಳ ಹೆಸರು ಹೊರಗೆ ಬರಲಿಲ್ಲ. ಶಿವ ದೊಡ್ಡವನು ಎಂದು ಪೂಜೆಯಲ್ಲಿ ಕೈ ಮುಗಿದೆ. ಆದರೆ ಆ ಕೃಪೆಗೆಲ್ಲ ಇನ್ನೊಬ್ಬಳ ಅನ್ನ ಹೋಗಿತ್ತು.

ತಿಂಗಳು ಕಳೆದ ಮೇಲೆ ಭದ್ರಾವತಿಗೆ ಅವರ ಮನೆ ಹುಡುಕಿಕೊಂಡು ಹೋದೆ.

"ಅಯ್ಯೋ, ಒಳಗೆ ಬನ್ನಿ! ಬಸ್ಸಲ್ಲಿ ಸೀಟು ಸಿಕ್ತಾ? ದಿನಾ ಮಲವಗೊಪ್ಪದವರೆಗೆ ನಿಂತೇ ಬಂದು ನನ್ನ ಸೊಂಟ ಹೋಗಿತ್ತು. ಈಗ ಅದೊಂದು ಆರಾಮು ನೋಡಿ," ಎಂದು ನಕ್ಕರು.

"ತಪ್ಪಾಯ್ತು ಮಿಸ್. ಪೂರ್ತಿ ಪುಟ ನನ್ ಹತ್ರಾನೇ ಇತ್ತು."

"ಗೊತ್ತಿತ್ತು," ಎಂದು ಕಾಫಿ ಮುಂದಿಟ್ಟರು. ಸಿಟ್ಟಾದರೂ ಮಾಡಿದ್ದರೆ ಹಗುರಾಗುತ್ತಿದ್ದೆನೇನೋ. "ಹುಡುಗಿ ಈಗ್ಲೂ ಬರೀತಾಳಾ?" ಎಂದು ಕೇಳಿದರು.

ಮಗಳು ಈಗ ಗೈಡಿನಲ್ಲಿದ್ದದ್ದನ್ನು ಇದ್ದ ಹಾಗೇ ಇಳಿಸುತ್ತಾಳೆ. ಏನು ಕೇಳಿದರೂ "ನಂಗೊತ್ತಿಲ್ಲಮ್ಮ" ಎನ್ನುತ್ತಾಳೆ.

"ಬರೀತಾಳೆ ಮಿಸ್," ಎಂದೆ.

ಅವರ ಮುಖ ಅರಳಿತು. ಅದನ್ನು ನೋಡಲಾರದೆ ಕಾಫಿ ಲೋಟ ಎತ್ತಿಕೊಂಡೆ.