ಆಶಾರಾಣಿ ಹುಳದ ಮನೆಯಿಂದ ಆಚೆ ಬಂದ ದಿನ

ಲೇ, ಆ ಕಡೆ ಟೀ ಅಂಗಡಿ ಮುಂದೆ ನಿಂತಿರೋರೇ, ಬೈಕ್ ಆಫ್ ಮಾಡ್ರೋ, ಕೇಳಿಸ್ತಿದ್ಯಾ? ನಮ್ ಬೈರಕೂರು ಆಶಾರಾಣಿ ಅಕ್ಕಂದು ಹೇಳ್ತೀನಿ.

ಅಕ್ಕ ರೇಷ್ಮೆ ಹುಳ ಸಾಕೋಳು. ಗಂಡ ಮುರಳಿಮೋಹನ್ ದುಬೈನಲ್ಲಿ ಕ್ರೇನ್ ಓಡಿಸ್ತಾನೆ. ಇಬ್ರೂ ಬೇರೆಯಾಗಿ ವರ್ಷದ ಮೇಲಾಯ್ತು. ಮಗಳು ಚಂದನ ಅಮ್ಮನ ಹತ್ರಾನೇ ಇರ್ಬೇಕು, ಕೋರ್ಟ್ ಕೇಳ್ದೆ ದೇಶ ಬಿಟ್ಟು ಕರ್ಕೊಂಡ್ ಹೋಗಂಗಿಲ್ಲ ಅಂತ ಆರ್ಡರ್ ಇದೆ. ಅವ್ನು ರಜೆಗೆ ಬಂದಾಗ ಮಗು ಜೊತೆ ಇರ್ಬೋದು, ಸಂಜೆ ವಾಪಸ್ ಬಿಡ್ಬೇಕು, ಅಷ್ಟೆ.

ಮೊನ್ನೆ ಬೆಳಿಗ್ಗೆ ಅವನ ಕಾರು ಬಂತು. ಅಕ್ಕ ಹುಳದ ಮನೆ ಒಳಗಿದ್ಲು. ಹುಳಕ್ಕೆ ರೋಗ ತಗುಲಬಾರ್ದು ಅಂತ ಕಾಲು ತೊಳ್ದು, ಬಾಗಿಲಲ್ಲಿ ಹಾಕಿರೋ ಸುಣ್ಣ ತುಳ್ಕೊಂಡೇ ಒಳಗೆ ಹೋಗೋದು. ಆಚೆ ಬಂದ್ರೆ ಮತ್ತೆ ಎಲ್ಲಾ ಮೊದ್ಲಿಂದ. ಅದಕ್ಕೆ ಕಿಟಕಿಯಿಂದಾನೇ ಮಾತು.

"ಮಾಸ್ತಿಲಿ ನಮ್ ಅನಿತಕ್ಕನ ಮನೇಲಿ ಮಗುಗೆ ಕಿವಿ ಚುಚ್ಚಿಸ್ತೀವಿ. ಸಂಜೆ ತಂದ್ಬಿಡ್ತೀನಿ."

"ನನ್ನ ಒಂದ್ ಮಾತು ಕರೀಲಿಲ್ಲ?"

"ನೀನು ಹುಳ ಬಿಟ್ಟು ಬರ್ತೀಯೇನೇ?"

ಅದೂ ನಿಜ ಅನ್ನಿಸ್ತು. "ಹುಷಾರು" ಅಂದು ಸೊಪ್ಪು ಹಾಕ್ತಾನೇ ಇದ್ಲು. ಅವ್ನು ಚಂದನನ ಕಾರಿಗೆ ಹತ್ತಿಸ್ಕೊಂಡು ಹೊರಟ. ಅಕ್ಕ ಆಚೆ ಬಂದು ಕಾರೊಳಗೆ ನೋಡ್ಲಿಲ್ಲ.

ನೋಡಿದ್ದು ಎದುರು ಮನೆ ದೊಡ್ಡಗಂಗಮ್ಮಜ್ಜಿ. ಕಿಟಕಿಗೆ ಬಂದು, "ಏನೇ ಅಮ್ಮಣ್ಣಿ, ಕಿವಿ ಚುಚ್ಚಕ್ಕೆ ಅಷ್ಟು ದೊಡ್ಡ ಸೂಟ್‌ಕೇಸಾ? ಕಿವಿಗೆ ಏನ್ ಬಾಗ್ಲು ಇಡ್ತಾರಾ?" ಅಂದ್ಲು.

ಅಕ್ಕ ತಮ್ಮನಿಗೆ ಫೋನ್ ಹಾಕಿದ್ಲು. "ಕದಿರೇಶ, ಮಾಸ್ತಿಗೆ ಹೊರಟ್ಯೇನೋ?"

"ಮಾಸ್ತಿಲಿ ಏನು? ನಾನು ಕ್ಯಾಲನೂರಲ್ಲಿ ಡೈರಿಗೆ ಹಾಲು ಹಾಕ್ತಿದೀನಿ."

ಸೋದರಮಾವನ ತೊಡೆ ಮೇಲೆ ಕೂರಿಸ್ದೆ ನಮ್ ಕಡೆ ಕಿವಿ ಚುಚ್ಚಲ್ಲ. ಮಾವನಿಗೇ ಗೊತ್ತಿಲ್ಲ ಅಂದ್ರೆ ಕಿವಿ ಚುಚ್ಚೋದು ಸುಳ್ಳು. ಮಗು ಪಾಸ್‌ಪೋರ್ಟ್ ಇನ್ನೂ ಮುರಳಿಮೋಹನ್ ಹತ್ರಾನೇ ಇತ್ತು.

"ಅವ್ನಿಗೆ ಫೋನ್ ಹಾಕಿ ಉಗಿಯೇ" ಅಂದ್ಲು ಅಜ್ಜಿ. ಅಕ್ಕ ಮಾಡಿದ್ದು ಭಾರತಮ್ಮಂಗೆ. ಮುಳಬಾಗಿಲು ಕೋರ್ಟಲ್ಲಿ ಫೀಸಿಲ್ದೆ ಕೇಸ್ ನೋಡ್ಕೊಟ್ಟ ಲಾಯರ್.

"ಅವನಿಗೆ ಮಾತ್ರ ಫೋನ್ ಮಾಡ್ಬೇಡ, ಎಚ್ಚರ ಆಗ್ತಾನೆ" ಅಂದ್ರು ಭಾರತಮ್ಮ. "ಮೊದ್ಲು ೧೧೨ಕ್ಕೆ ಮಾಡು. ಏರ್‌ಪೋರ್ಟಿಗೆ ತಿಳಿಸಿ ಅಂತ ಬಾಯ್ಬಿಟ್ಟು ಹೇಳು. ಆರ್ಡರ್ ಫೋಟೋ, ಮಗು ಫೋಟೋ, ಪಾಸ್‌ಪೋರ್ಟ್ ನಂಬರ್ ಇಟ್ಕೊಂಡು ಸ್ಟೇಷನ್ನಿಗೆ ಬಾ. ನಾನೂ ಬರ್ತೀನಿ."

ಅಕ್ಕ ೧೧೨ಕ್ಕೆ ಹಂಗೇ ಹೇಳಿ, ಚಪ್ಪಲಿ ಮರ್ತು ಆಟೋ ಹತ್ತಿದ್ಲು.

ಸ್ಟೇಷನ್ನಲ್ಲಿ ಒಬ್ರು, "ಅಪ್ಪನೇ ಅಲ್ವೇನಮ್ಮ ಕರ್ಕೊಂಡೋಗಿದ್ದು? ಸಂಜೆ ತನಕ ನೋಡಿ" ಅಂದ್ರು.

"ಸಂಜೆಗೆ ಅವ್ಳು ಆಕಾಶದಲ್ಲಿರ್ತಾಳೆ ಸಾರ್."

ಭಾರತಮ್ಮ ಆರ್ಡರ್ ತೆಗ್ದು ಮೇಜಿನ ಮೇಲಿಟ್ರು. ಆ ಪೊಲೀಸ್ನೋರು ಓದಿದ್ರು, ಇನ್‌ಸ್ಪೆಕ್ಟರ್‌ನ ಕರೆದ್ರು, ಅವ್ರು ಏರ್‌ಪೋರ್ಟಿಗೆ ಫೋನ್ ಹಚ್ಚಿದ್ರು.

ಆಮೇಲೆ ಕಾಯೋದು. ಅಕ್ಕ ಕೂರ್ತಾಳೆ, ಏಳ್ತಾಳೆ, ಗೇಟ್ ತನಕ ಹೋಗಿ ಬರ್ತಾಳೆ. ನೀರು ಕೊಟ್ರೆ ಲೋಟ ಹಿಡ್ಕೊಂಡೇ ಓಡಾಡ್ತಾಳೆ. ಕಾಲಿನ ಸುಣ್ಣ ಹಂಗೇ ಇತ್ತು, ನೆಲದ ತುಂಬಾ ಬಿಳಿ ಹೆಜ್ಜೆ.

"ಕೂತ್ಕೊಳಮ್ಮ, ಸ್ಟೇಷನ್ನೆಲ್ಲಾ ರಂಗೋಲಿ ಆಯ್ತು" ಅಂದ್ರು ಒಬ್ರು ಲೇಡಿ ಕಾನ್‌ಸ್ಟೇಬಲ್.

ಕೂರ್ಲಿಲ್ಲ. ಫೋನ್ ಬಂತು. ಏರ್‌ಪೋರ್ಟಲ್ಲಿ ಇಮಿಗ್ರೇಷನ್ ಲೈನಲ್ಲೇ ಅಪ್ಪ-ಮಗಳನ್ನ ನಿಲ್ಲಿಸ್ಕೊಂಡಿದಾರೆ, ಮಗು ಬಿಸ್ಕೆಟ್ ತಿಂತಾ ಇದಾಳೆ ಅಂತ. ಆವಾಗ ಕೂತ್ಲು, ನೆಲದ ಮೇಲೆ.

ಕದಿರೇಶಣ್ಣ ಬಂದ, ಅಕ್ಕ-ತಮ್ಮ ಇಬ್ರೂ ಪೊಲೀಸರ ಜೊತೆ ಏರ್‌ಪೋರ್ಟಿಗೆ ಹೋದ್ರು. ಮುರಳಿಮೋಹನ್, "ಒಂದ್ ತಿಂಗ್ಳು ದುಬೈ ತೋರ್ಸಿ ಕಳಿಸ್ತಿದ್ದೆ ಕಣೇ" ಅಂದ.

"ಅದನ್ನ ಜಡ್ಜ್ ಮುಂದೆ ಹೇಳು" ಅಂದ್ಲು, ಮಗು ಎತ್ಕೊಂಡ್ಲು.

ದಾರೀಲಿ ಚಂದನ, "ಮಾಮ, ಕಿವಿ ಚುಚ್ಚಲ್ವಾ?"

"ತೊಡೆ ನನ್ ಹತ್ರ ಇದೆಯಲ್ಲ ಬಂಗಾರು, ನಾನಿಲ್ದೆ ಹೆಂಗ್ ಚುಚ್ತಾರೆ?"

ದೀಪ ಹಚ್ಚೋ ಹೊತ್ತಿಗೆ ಊರು ಸೇರಿದ್ರು. ಹುಳ ಬೆಳಿಗ್ಗೆಯಿಂದ ಉಪವಾಸ. ಅಕ್ಕ ತನ್ನ ಕಾಲು, ಮಗು ಕಾಲು ತೊಳ್ದು ಸುಣ್ಣ ತುಳಿದ್ಲು.

"ಇಳಿಸಮ್ಮ, ನಾನ್ ದೊಡ್ಡೋಳು."

"ಸುಮ್ನಿರೇ."

ಮಗುನ ಸೊಂಟದ ಮೇಲೆ ಕೂರಿಸ್ಕೊಂಡೇ, ಒಂದೇ ಕೈಯಲ್ಲಿ ತಟ್ಟೆ ತಟ್ಟೆಗೂ ಸೊಪ್ಪು ಹರಡಿದ್ಲು.