ಕುರಿ ಮೈಮೇಲೇ ಉಳಿದ ಡಿಎನ್‌ಎ

ಚಳ್ಳಕೆರೆಯ ನಮ್ಮ ಕಾಲೇಜು ಲ್ಯಾಬಿನಲ್ಲಿ ಎಲ್ಲರ ಪರೀಕ್ಷೆಯ ಜೆಲ್ ಪದರದಲ್ಲೂ ಡಿಎನ್‌ಎ ಗೆರೆ ಹೊಳೆಯುತ್ತಿತ್ತು. ನನ್ನ ಕುರಿಯದು ಮಾತ್ರ ನಾಪತ್ತೆ.

"ಉಣ್ಣೆ ಹೆಂಗೆ ತಂದ್ಯಪ್ಪಾ?" ಎಂದರು ಮೇಡಂ.

"ಕಂಬಳಿಗೆ ಕೊಡೋ ಹಂಗೇ ಮೇಡಂ. ಕತ್ರಿಸಿ, ತೊಳ್ದು, ಒಣಗ್ಸಿ, ಒಂದು ಚೀಲ!"

"ಡಿಎನ್‌ಎ ಸಿಗೋದು ಕೂದಲ ಬುಡದಲ್ಲಿ. ಅದನ್ನ ಕುರಿ ಮೈಮೇಲೇ ಬಿಟ್ಟು ಬಂದೀಯಲ್ಲೋ!"

ಶನಿವಾರದೊಳಗೆ ಗೆರೆ ಬರದಿದ್ದರೆ ಪ್ರಾಜೆಕ್ಟ್ ಫೇಲ್. ಕುರಿ ಕಾಯುವ ಮನೆಯವನು ಕುರಿಯಲ್ಲೇ ಫೇಲಾಗುವುದೇ? ಅಂದೇ ನಮ್ಮೂರು ತಳಕಿನ ಬಸ್ ಹತ್ತಿದೆ. ಊರಲ್ಲಿ ಕೂದಲನ್ನು ಬುಡಸಮೇತ ಕಿತ್ತೆ. ಕುರಿ ಒದ್ದು ಬೀಳಿಸಿತು. ಎದ್ದು ಮತ್ತೆ ಕಿತ್ತೆ.

"ನಿನ್ ತಲೆಕೂದ್ಲು ಹಂಗೆ ಕಿತ್ರೆ ಸುಮ್ನಿರ್ತೀಯೇನೋ?" ಎಂದು ಬೈಯುತ್ತಲೇ ಅವ್ವ ಕುರಿಯನ್ನು ಅಮುಕಿ ಹಿಡಿದಳು.

ಶನಿವಾರ ನನ್ನ ಜೆಲ್‌ನಲ್ಲೂ ಮಸುಕಾದ ಗೆರೆಯೊಂದು ಮೂಡಿತು. ಮೊಣಕಾಲ ಮೇಲಿನ ಗೊರಸಿನ ಗುರುತು ಮಾತ್ರ ಇವತ್ತಿಗೂ ಅದಕ್ಕಿಂತ ಸ್ಪಷ್ಟವಾಗಿದೆ.