ಹೆಡ್‌ಫೋನಿಗೆ ಟ್ರಯಲ್ ಓಡಿಸಿದ ಮಾವ

ನನ್ನ ಸೋದರಮಾವ ಬಸ್ ಡ್ರೈವರ್ ಆಗಿದ್ದವರು. ರಿಟೈರಾಗಿ ವರ್ಷಗಳಾದರೂ ಯಾವ ಕುರ್ಚಿಯಲ್ಲಿ ಕೂರುವ ಮೊದಲೂ ಅದನ್ನು ಒಮ್ಮೆ ಹಿಂದೆ ಮುಂದೆ ಸರಿಸಿ ನೋಡುತ್ತಾರೆ. ಅವರಿಗಿರುವ ಹುಚ್ಚು ಒಂದೇ, ಹಾಡು. ಯಾವ ಬಗೆಯದು ಎಂದು ಮಾತ್ರ ಕೇಳಬೇಡಿ. ಬೆಳಿಗ್ಗೆ ಆಲಾಪ, ಮಧ್ಯಾಹ್ನ ಹಳೆಯ ಸಿನಿಮಾ ಹಾಡು, ಸಂಜೆಗೆ ಡೋಲು, ನಡುನಡುವೆ ಅರ್ಥವಾಗದ ಭಾಷೆಯ ಗಿಟಾರ್. “ಡ್ರೈವರಿಗೆ ಎಲ್ಲಾ ರೂಟೂ ಒಂದೇ ಕಣಮ್ಮಾ” ಅನ್ನುತ್ತಾರೆ. ಅದೂ ಎಂಥ ಸದ್ದು! ಪಕ್ಕದ ಮನೆಯವರಿಗೆ ರೇಡಿಯೋ ಕೊಳ್ಳುವ ಪ್ರಮೇಯವೇ ಬರಲಿಲ್ಲ.

ಅತ್ತೆ ಮದುವೆಗೆ ಮುಂಚೆ ಮಾವನ ಬಸ್ಸಿನಲ್ಲೇ ದಿನಾ ಕೆಲಸಕ್ಕೆ ಹೋಗುತ್ತಿದ್ದವರು. ಆಗಿನ ಬಸ್ಸುಗಳಲ್ಲಿ ಇಂಜಿನ್ ಒಳಗೇ, ಡ್ರೈವರನ ಎಡಗಡೆಗೇ, ಮುಚ್ಚಳ ಹಾಕಿಕೊಂಡು ಗುಡುಗುತ್ತಿತ್ತು. ಅದರಾಚೆಯ ಸೀಟು ಅತ್ತೆಯದು. ಇಬ್ಬರ ಪ್ರೀತಿ ಬೆಳೆದದ್ದೇ ಆ ಇಂಜಿನ್ನಿನ ಮೇಲೆ ಕೂಗಾಡಿಕೊಂಡು. ಮದುವೆಯಾದ ಮೇಲೂ ಅತ್ತೆ ಆ ಸೀಟು ಬಿಟ್ಟುಕೊಡಲಿಲ್ಲ. ಸೋಫಾ ಇರಲಿ, ಊಟದ ಮೇಜಿರಲಿ, ಅವರು ಕೂರುವುದು ಮಾವನ ಎಡಗಡೆಗೇ.

ಒಂದು ದಿನ ನಾನು ಹೋದಾಗ ಅತ್ತೆ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದರು.

“ಮಗಳ ಮನೆಗೆ ಹೋಗ್ತಿದ್ದೀನಿ ಕಣೇ. ವಾಪಸ್ ಬರ್ತೀನಿ ಅಂತ ಹೇಳಲ್ಲ.”

“ಈ ಹಾಡಿನ ಗಲಾಟೆಗಾ ಅತ್ತೆ?”

“ಗಲಾಟೆ ಹಾಳಾಗ್ಲಿ, ತಡ್ಕೋತೀನಿ. ನಾನು ಪಕ್ಕದಲ್ಲಿ ಕೂತು ಹತ್ತು ಮಾತಾಡಿದ್ರೆ ಒಂದಕ್ಕೂ ಉತ್ತರ ಇಲ್ಲ. ಹಾಡು ಮಾತ್ರ ಚೆನ್ನಾಗಿ ಕೇಳುತ್ತೆ, ನಾನೊಬ್ಬಳು ಕೇಳಲ್ಲ. ಜಾಣಕಿವುಡು! ಗೋಡೆ ಜೊತೆ ಎಷ್ಟು ದಿನಾಂತ ಸಂಸಾರ ಮಾಡ್ಲಿ?”

ಅತ್ತೆಯ ಕಣ್ಣು ತುಂಬಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಹೊರಗಿನ ಕೋಣೆಯಲ್ಲಿ ತಲೆದೂಗುತ್ತ ಕೂತಿದ್ದ ಮಾವನ ಎದುರು ನಿಂತು ಹಾಡು ನಿಲ್ಲಿಸಿದೆ. “ಅತ್ತೆ ಮನೆ ಬಿಟ್ಟು ಹೋಗ್ತಿದ್ದಾರೆ. ಒಳ್ಳೇ ಹೆಡ್‌ಫೋನ್ ತಗೊಂಡು ನಿಮ್ಮ ಹಾಡು ನಿಮ್ಮ ಕಿವಿಯಲ್ಲಿಟ್ಕೊಳ್ಳಿ. ಮಿಕ್ಕ ಹೊತ್ತು ಅವರ ಮಾತು ಕೇಳಿ” ಎಂದೆ. ಮಾವನ ಮುಖ ಬಿಳಚಿಕೊಂಡಿತು. ಅತ್ತೆಗೆ ಅಷ್ಟೊಂದು ಕೋಪ ಯಾಕೆಂದು ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ನಾವು ಹೆಡ್‌ಫೋನ್ ಕೊಂಡು ಬರುವವರೆಗೆ ಇರುತ್ತೇನೆ ಎಂದು ಅತ್ತೆ ಒಪ್ಪಿದರು, ಆದರೆ ಸೂಟ್‌ಕೇಸನ್ನು ಬಾಗಿಲ ಹತ್ತಿರವೇ ಇಟ್ಟರು.

ಅಂಗಡಿಯಲ್ಲಿದ್ದ ಹುಡುಗಿ ಡಬ್ಬಿಗಳನ್ನು ಸಾಲಾಗಿ ತೆರೆದಿಟ್ಟಳು. ಮಾವ ಅವಳ ವಿವರಣೆಯನ್ನು ಕೈಯೆತ್ತಿ ನಿಲ್ಲಿಸಿದರು. “ಟ್ರಯಲ್ ಓಡಿಸದೆ ನಾನು ಗಾಡಿ ತಗೊಳ್ಳಲ್ಲ ತಾಯಿ.” ಅವರ ಟ್ರಯಲ್ ಎಂದರೆ ಫೋನಿನಲ್ಲಿದ್ದ ನಾಲ್ಕು ಹಾಡು. ಆಲಾಪ ಏರುದಾರಿಯಂತೆ. ಹಾಡುವವರ ಉಸಿರೂ ಕೇಳಬೇಕು. ಡೋಲು ಗುಂಡಿಬಿದ್ದ ರಸ್ತೆ, ಪೆಟ್ಟು ಎದೆಗೆ ತಾಗಬೇಕು, ತಲೆನೋವು ತರಬಾರದು. ಮೂರನೆಯದರಲ್ಲಿ ಗುಂಪಿಗೆ ಗುಂಪೇ ಹಾಡುತ್ತದೆ, ಒಬ್ಬೊಬ್ಬರ ದನಿಯೂ ಬೇರೆಯಾಗಿ ಸಿಗಬೇಕು. ಕಡೆಯದು ಹಳೆಯ ಸಿನಿಮಾ ಹಾಡು. ಮೊದಲು ಪಿಟೀಲು ಕರೆಯುತ್ತದೆ, ಕೊಳಲು ಓಗೊಡುತ್ತದೆ, ಆಮೇಲೆ ಹಾಡುಗಾರ ಬರುತ್ತಾನೆ.

ಮೊದಲ ಹೆಡ್‌ಫೋನಿನಲ್ಲಿ ಡೋಲು ಭರ್ಜರಿಯಾಗಿತ್ತು, ಆಲಾಪ ಕೆಟ್ಟಿತು. “ಕೊಡದೊಳಗೆ ತಲೆ ತೂರಿಸಿ ಹಾಡ್ದಂಗಿದೆ.” ಎರಡನೆಯದು ಕಿವಿಯೊಳಗೆ ಸಿಕ್ಕಿಸುವ ಪುಟ್ಟದು. ದನಿ ಸ್ಪಷ್ಟ, ಡೋಲು ಮಾತ್ರ ಡಬ್ಬ ಬಡಿದ ಹಾಗೆ. “ಒಂದು ರೂಟಿಗೆ ಆಗಿ ಇನ್ನೊಂದಕ್ಕೆ ಆಗ್ದಿದ್ರೆ ಏನುಪಯೋಗ?” ಮೂರನೆಯದು ಕಿವಿ ಪೂರ್ತಿ ಮುಚ್ಚುವ ಮೆತ್ತೆಯದು. ಯಾವುದನ್ನೂ ಉಬ್ಬಿಸದೆ ಎಲ್ಲವನ್ನೂ ಇದ್ದ ಹಾಗೇ ಕೇಳಿಸುತ್ತದೆ ಎಂದಳು ಹುಡುಗಿ. ಮೂರು ಹಾಡಿಗೂ ಮಾವ ಕಣ್ಣುಮುಚ್ಚಿ ತಲೆಯಾಡಿಸಿದರು. ನಾಲ್ಕನೆಯದಕ್ಕೆ ಕಣ್ಣು ತೆರೆದರು.

“ಪಿಟೀಲೆಲ್ಲಿ?”

ಹುಡುಗಿ ಹಾಕಿಕೊಂಡು ಕೇಳಿದಳು. “ಇದೆಯಲ್ಲ ಸರ್.” ನಾನೂ ಕೇಳಿದೆ, ಎಡಗಿವಿಯಲ್ಲಿ ಇಂಪಾಗಿ ನುಡಿಯುತ್ತಿತ್ತು. ಮಾವ ಒಪ್ಪಲಿಲ್ಲ. ಮೊದಲೆರಡನ್ನೂ ಮತ್ತೆ ತರಿಸಿ ಅದೇ ಹಾಡು ಹಾಕಿದರು. ಯಾವುದರಲ್ಲೂ ಪಿಟೀಲಿಲ್ಲ. “ಮನೇಲಿ ದಿನಾ ಕೇಳೋ ಹಾಡಮ್ಮಾ ಇದು! ನಿಮ್ಮ ಅಂಗಡಿ ಮಾಲೆಲ್ಲಾ ಕಂಪ್ಲೇಂಟು!” ಮಾವನ ದನಿ ಏರಿತು, ಅಂಗಡಿಗೆ ಬಂದವರೆಲ್ಲ ತಿರುಗಿ ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಹುಡುಗಿ ತಾಳ್ಮೆಗೆಡಲಿಲ್ಲ. ಮೂರನೆಯದನ್ನೇ ಮತ್ತೆ ಕೈಗಿತ್ತು, “ಸರ್, ಒಂದ್ಸಲ ಉಲ್ಟಾ ಹಾಕ್ಕೊಂಡು ನೋಡಿ” ಎಂದಳು.

ಮಾವ ಎಡದ್ದನ್ನು ಬಲಕ್ಕೆ ಹಾಕಿಕೊಂಡರು. ಮುಖ ಅರಳಿತು. “ಬಂತು! ಪಿಟೀಲು ಬಂತು!” ಮರುಗಳಿಗೆಗೆ ಹುಬ್ಬು ಗಂಟಿಕ್ಕಿತು. “ಕೊಳಲೆಲ್ಲಿ ಹೋಯ್ತು?”

ಮಾವ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಡಿಪೋದಲ್ಲಿ ದಿನಕ್ಕೊಂದು ಬಸ್ಸಿನ ಮೇಲೆ ದೂರು ಹೇಳುವ ಹೊಸ ಡ್ರೈವರುಗಳಿಗೆ ಇವರು ಒಂದು ಮಾತು ಹೇಳುತ್ತಿದ್ದರಂತೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಗಾಡಿ ಬದಲಾದರೂ ಕಂಪ್ಲೇಂಟ್ ಬದಲಾಗದಿದ್ದರೆ ನಿನ್ನನ್ನು ನೋಡಿಕೋ. ಈ ಕಥೆ ನಾವೆಲ್ಲ ನೂರು ಸಲ ಕೇಳಿದ್ದೆವು. ಅದೇ ಅವರಿಗೂ ನೆನಪಾಗಿರಬೇಕು.

“ಎಲ್ಲಾ ಗಾಡೀಲೂ ಅದೇ ಕಂಪ್ಲೇಂಟು” ಎಂದು ಮೆಲ್ಲಗೆ ಹೇಳಿ, ಬಲಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದರು. “ಏನಾದ್ರೂ ಹೇಳು.”

“ಮಾವ” ಎಂದೆ.

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. “ಹೇಳಿದ್ಯಾ?”

ಬೆಳಿಗ್ಗೆ ಅವರ ಮೇಲೆ ಹಾರಾಡಿದ ನಾಲಿಗೆಯನ್ನು ಕಚ್ಚಿಕೊಂಡೆ.

ಹುಡುಗಿ ನಿಧಾನವಾಗಿ ತಿಳಿಸಿ ಹೇಳಿದಳು. ಮನೆಯಲ್ಲಿ ಸದ್ದು ಕೋಣೆಯೆಲ್ಲ ತುಂಬುತ್ತದೆ, ಒಂದು ಕಿವಿಯಿದ್ದರೂ ಎಲ್ಲವೂ ಸಿಗುತ್ತದೆ. ಹೆಡ್‌ಫೋನಿನಲ್ಲಿ ಯಾವ ಕಿವಿಯ ಪಾಲು ಆ ಕಿವಿಗೆ. ಎರಡನ್ನೂ ಕೂಡಿಸಿ ಕೊಡುವ ಏರ್ಪಾಡು ಫೋನಿನಲ್ಲೇ ಇತ್ತು, ಅದನ್ನು ಒತ್ತಿಕೊಟ್ಟಳು. ಪಿಟೀಲು, ಕೊಳಲು ಎರಡೂ ಬಲಗಿವಿಗೆ ಬಂದವು. ಮೂರನೆಯದನ್ನೇ ತೆಗೆದುಕೊಂಡೆವು. ಮಾವ ಅವಳಿಗೆ ಕೈಮುಗಿದು, “ನಿನ್ನ ಮಾಲಿನ ಮೇಲೆ ಸುಮ್ನೆ ಕೂಗಾಡ್ದೆ ತಾಯಿ” ಎಂದರು.

ದಾರಿಯಲ್ಲೇ ಕಿವಿ ಡಾಕ್ಟರರ ಹತ್ತಿರ ಹೋದೆವು. ಎಡಗಿವಿ ಹೋಗಿ ವರ್ಷಗಳೇ ಆಗಿವೆ, ಇಂಜಿನ್ ಪಕ್ಕ ಕೂತವರಿಗೆ ಆಗುವುದುಂಟು, ಇನ್ನು ಮರಳುವುದಿಲ್ಲ ಎಂದರು ಅವರು.

ಮನೆಯಲ್ಲಿ ಅತ್ತೆ ಹೊರಡುವ ಸೀರೆಯಲ್ಲೇ ಕೂತಿದ್ದರು. ಮಾವ ಹೊಸ ಡಬ್ಬಿ ಹಿಡಿದುಕೊಂಡೇ ಹೇಳಿದರು, “ನನ್ನ ಎಡಗಿವಿ ಸತ್ತಿದೆಯಂತೆ ಕಣೇ. ನೀನಿರೋ ಕಡೇದು. ನನಗೇ ಗೊತ್ತಾಗಿರ್ಲಿಲ್ಲ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮ ಕುರ್ಚಿಯನ್ನು ಊಟದ ಮೇಜು ಸುತ್ತಿಸಿ ಎಳೆದು ತಂದು ಮಾವನ ಕುರ್ಚಿಯ ಬಲಗಡೆ ಹಾಕಿದರು.

“ಇಷ್ಟು ವರ್ಷ ಏನೇನು ಹೇಳ್ತಿದ್ದೆ?” ಎಂದು ಕೇಳಿದರು ಮಾವ.

“ಎಷ್ಟೋ ಬೈದಿದ್ದೀನಿ. ಅದು ಕೇಳ್ದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ” ಎಂದು ಹೇಳಿ, ಸೂಟ್‌ಕೇಸ್ ಒಳಗಿಡಲು ನನಗೆ ಕಣ್ಸನ್ನೆ ಮಾಡಿದರು.

ಈಗ ಇರುವುದು ಒಂದೇ ಕಿವಿ, ಹಾಡಿಗೂ ಅದೇ, ಅತ್ತೆಗೂ ಅದೇ. ಅತ್ತೆಗೆ ಮಾತಾಡಬೇಕೆನಿಸಿದಾಗ ಬಲಗಡೆಯ ಮೆತ್ತೆಯನ್ನು ಎತ್ತಿ ಹೇಳುತ್ತಾರೆ. ಆಲಾಪದ ನಡುವೆಯಾದರೂ ಮಾವ ಗೊಣಗುವುದಿಲ್ಲ. ಮೊನ್ನೆ ನಾನಿದ್ದಾಗಲೇ ಅತ್ತೆ ಹಾಗೆ ಎತ್ತಿ ಏನೋ ಹೇಳಿ ಅಡುಗೆಮನೆಗೆ ಹೋದರು. ಮಾವ ಹಾಡು ನಿಲ್ಲಿಸಿ ಸುಮ್ಮನೆ ನಗುತ್ತ ಕೂತರು.

“ಏನಂದ್ರು ಮಾವ?”

“ಏನಿಲ್ಲ. ಕೇಳಿಸ್ತಾ ಅಂದ್ಲು, ಅಷ್ಟೇ.”